ಪಿಯಾನೋ ಹುಡುಕಿದ ಶನಿವಾರಗಳು

ಮಾರ್ಚ್ 2, ಶನಿವಾರ

ಈ ಪುಸ್ತಕ ಕೊಂಡದ್ದು ಪಿಯಾನೋಗಳ ವಿವರ ಬರೆದಿಡಲು. ಕನ್ನಡಕದ ಗಾಜು ಉಜ್ಜುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು. ಅಳೆಯದೆ, ಬರೆದಿಡದೆ ಏನನ್ನೂ ತೀರ್ಮಾನಿಸಿ ಅಭ್ಯಾಸವಿಲ್ಲ.

ವಿಷಯ ಇಷ್ಟು. ಮಗಳು ಶನಿವಾರ ಬೆಳಿಗ್ಗೆ ನನ್ನಲ್ಲಿಗೆ ಬರುತ್ತಾಳೆ, ಭಾನುವಾರ ಸಂಜೆ ಅವಳಮ್ಮನ ಮನೆಗೆ ಹೋಗುತ್ತಾಳೆ. ನಾಲ್ಕು ತಿಂಗಳಿಂದ ಹೀಗೇ ನಡೆದಿದೆ. ಮರದ ದೊಡ್ಡ ಪಿಯಾನೋ ಆ ಮನೆಯಲ್ಲೇ ಉಳಿಯಿತು. ಲಾಂಡ್ರಿಯ ಮೇಲಿನ ಈ ಎರಡು ಕೋಣೆಗಳಿಗೆ ಅದನ್ನು ಹತ್ತಿಸುವುದಿರಲಿ, ಕೊಡು ಎಂದು ಕೇಳುವ ಮುಖವೂ ನನಗಿಲ್ಲ. ನಾಲ್ಕು ವರ್ಷ ಕಲಿತ ಕೈ ವಾರಕ್ಕೆ ಎರಡು ದಿನ ಸುಮ್ಮನಿದ್ದರೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಒಂದು ಡಿಜಿಟಲ್ ಪಿಯಾನೋ.

ಇವತ್ತು ಜೀರುಂಡೆ ಬಂದ ತಕ್ಷಣ ಹೇಳಿದೆ. (ಹುಟ್ಟಿದ ಹೊಸತರಲ್ಲಿ ಒಂದೇ ಸಮನೆ ಕಿರುಚುತ್ತಿದ್ದಳೆಂದು ಇಟ್ಟ ಹೆಸರು. ಈಗ ಹನ್ನೆರಡು ವರ್ಷ, ಮಾತು ಕಡಿಮೆ.) ಒಂದು ಬೂಟು ಬಿಚ್ಚಿದ್ದಳು, ಇನ್ನೊಂದು ಕಾಲಲ್ಲೇ ಇತ್ತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ನಿಜವಾಗ್ಲೂ ತಗೋತೀಯಾ?"

"ಮತ್ತೆ ಸುಳ್ಳು ಹೇಳ್ತೀನಾ?"

"ಎಷ್ಟು ದಿನ ಹುಡುಕ್ತೀವಿ?"

"ಸರಿಯಾದ್ದು ಸಿಗೋವರೆಗೆ."

"ಪ್ರತಿ ಶನಿವಾರ?"

"ಪ್ರತಿ ಶನಿವಾರ."

"ಸರಿ," ಎಂದು ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡಳು.

ಬಸ್ ನಿಲ್ದಾಣದ ಹಿಂದಿನ ಅಂಗಡಿ. ಒಡತಿಗೆ ಅರವತ್ತು ದಾಟಿರಬಹುದು. ನಿಂತುಕೊಂಡೇ ನುಡಿಸಿ ತೋರಿಸುತ್ತಾರೆ. ಅವರು ಹೇಳಿದ್ದು: ಈಗಷ್ಟೇ ಶುರು ಮಾಡುವವರಿಗೆ ಅರವತ್ತೊಂದು ಕೀಗಳ ಹಗುರ ಪೆಟ್ಟಿಗೆ ಕೆಲವು ತಿಂಗಳ ಮಟ್ಟಿಗೆ ನಡೆಯುತ್ತದೆ. ಆದರೆ ಕೀಗೆ ತೂಕ ಇರಬೇಕು. ಸ್ಪ್ರಿಂಗಿನ ಮೇಲೆ ಕೂತ ಪ್ಲಾಸ್ಟಿಕ್ ಕೀಯಲ್ಲಿ ಕಲಿತ ಬೆರಳು ನಿಜವಾದ ಪಿಯಾನೋ ಮುಂದೆ ಸೋಲುತ್ತದೆ. ಸ್ವಲ್ಪ ಕಲಿತವರಿಗಂತೂ ಎಂಬತ್ತೆಂಟು ಕೀ ಬೇಕೇ ಬೇಕು. ಎಡಗಡೆಯ ಕೀಗಳು ಭಾರ, ಬಲಕ್ಕೆ ಹೋದಂತೆ ಹಗುರ, ಹಾಗಿರಬೇಕು.

ಮೂರು ನೋಡಿದೆವು. ಒಂದೂ ತೀರ್ಮಾನವಾಗಲಿಲ್ಲ. ಜೀರುಂಡೆ ನುಡಿಸಿದಳು.


ಮಾರ್ಚ್ 9, ಶನಿವಾರ

ತೂಕದ ಕಲ್ಲುಗಳನ್ನು ಒಯ್ದಿದ್ದೆ. ಕೀಯ ತುದಿಗೆ ಒಂದೊಂದೇ ಇಟ್ಟು ಎಷ್ಟಕ್ಕೆ ಅದು ತಾನಾಗಿ ಇಳಿಯುತ್ತದೆಂದು ನೋಡಿದೆ. ಕಪ್ಪು ಬಣ್ಣದ್ದು: ನಡುವಿನ ಕೀ ಐವತ್ತೆರಡು ಗ್ರಾಂ, ಎಡತುದಿ ಅರವತ್ತು, ಬಲತುದಿ ನಲವತ್ತೆಂಟು. ಒಳ್ಳೆಯದು. ಬಿಳಿಯದು: ಎಲ್ಲ ಕಡೆ ಐವತ್ತೈದು. ಬೇಡ.

ಅಂಗಡಿಯವರು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು. "ಮೂವತ್ತು ವರ್ಷ ಈ ಅಂಗಡೀಲಿ ಕೂತಿದೀನಿ ಸರ್. ಪಿಯಾನೋನ ತರಕಾರಿ ಥರ ತೂಕ ಹಾಕಿದ್ದು ನೀವೇ ಮೊದಲು."

ಜೀರುಂಡೆ ಜೋರಾಗಿ ನಕ್ಕಳು. ಬಸ್ಸಿನಲ್ಲಿ ಕೀ ಹೇಗೆ ಕೆಲಸ ಮಾಡುತ್ತದೆ, ಒತ್ತಿದ ವೇಗವನ್ನು ಒಳಗಿನ ಸೆನ್ಸರ್ ಹೇಗೆ ಅಳೆಯುತ್ತದೆ ಎಂದು ಅವಳಿಗೆ ವಿವರಿಸಿದೆ. ಇಳಿಯುವ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿಬಿಟ್ಟಿದ್ದೆವು.


ಮಾರ್ಚ್ 16, ಶನಿವಾರ

ಇನ್ನೊಂದು ಅಂಗಡಿ, ದೊಡ್ಡದು. ಅಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ. ಇನ್ನೂರು ಬಗೆಯ ಶಬ್ದ ಬರುತ್ತದೆ ಎನ್ನುತ್ತಾರೆ. ನನಗೆ ಬೇಕಾದದ್ದು ಒಂದೇ ಶಬ್ದ, ಪಿಯಾನೋದ್ದು.

ಮತ್ತೆ ಹಳೆಯ ಅಂಗಡಿಗೇ ಹೋದೆವು. ಒಂದೇ ಸಲಕ್ಕೆ ಎಷ್ಟು ಸ್ವರ ಕೇಳಿಸುತ್ತವೆ ಎಂಬುದನ್ನೂ ನೋಡಬೇಕಂತೆ. ಒಂದರಲ್ಲಿ ಅರವತ್ತನಾಲ್ಕು, ಇನ್ನೊಂದರಲ್ಲಿ ನೂರ ಇಪ್ಪತ್ತೆಂಟು. "ಪೆಡಲ್ ಒತ್ತಿ ನುಡಿಸ್ತಾ ಹೋದ್ರೆ ಹಳೇ ಸ್ವರಗಳು ಉಳ್ಕೊಂಡಿರತ್ತೆ ಸರ್. ಮಷೀನಿಗೆ ತಾಕತ್ತು ಸಾಲ್ದಿದ್ರೆ ಹೊಸದಕ್ಕೆ ಜಾಗ ಮಾಡೋಕೆ ಹಳೇದನ್ನ ನಿಲ್ಲಿಸಿಬಿಡತ್ತೆ," ಎಂದರು. ಆರಂಭದವರಿಗೆ ಗೊತ್ತಾಗುವುದಿಲ್ಲ, ಸ್ವಲ್ಪ ಕಲಿತವರಿಗೆ ಗೊತ್ತಾಗುತ್ತದೆ. ಹಾಗಾದರೆ ನೂರ ಇಪ್ಪತ್ತೆಂಟು.

ಜೀರುಂಡೆ ನುಡಿಸಿದಳು. ಕಳೆದ ವಾರ ನುಡಿಸಿದ್ದೇ. ಹೋಲಿಸಲು ಒಳ್ಳೆಯದೆಂದು ಇರಬೇಕು, ಜಾಣೆ.


ಮಾರ್ಚ್ 30, ಶನಿವಾರ

ಅವಳಿಗೆ ಜ್ವರವಂತೆ, ಬರಲಿಲ್ಲ. ಫೋನಿನಲ್ಲಿ ಅವಳಮ್ಮ ಹೇಳಿದಳು, "ಆಸ್ಪತ್ರೇಲಿ ಕೆಲಸ ಮಾಡೋಳು ನಾನೇ ಇದೀನಲ್ಲ, ನೋಡ್ಕೋತೀನಿ, ನೀವು ಬರೋದೇನೂ ಬೇಡ." ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಅವಳು. ಅವಳಿಗೆ ನಾನು ಜ್ವರದ ವಿಷಯ ಹೇಳಿಕೊಡಬೇಕಾಗಿಲ್ಲ.

ಕೋಣೆ ಗುಡಿಸಿದೆ. ಪಿಯಾನೋ ಇಡುವ ಗೋಡೆ ಅಳೆದೆ: ನೂರ ಅರವತ್ತೆರಡು ಸೆಂಟಿಮೀಟರ್. ಸಾಕು.


ಏಪ್ರಿಲ್ 6, ಶನಿವಾರ

ಕಪ್ಪು ಬಣ್ಣದ್ದೇ ಎಂದು ಹೆಚ್ಚುಕಡಿಮೆ ತೀರ್ಮಾನಿಸಿಕೊಂಡು ಹೋಗಿದ್ದೆ. ಕೀ ಸರಿ, ಪೆಡಲ್ ಅರ್ಧ ಒತ್ತಿದರೆ ಅರ್ಧ ಕೆಲಸ ಮಾಡುತ್ತದೆ, ಎರಡು ಹೆಡ್‌ಫೋನ್ ಹಾಕಲು ಜಾಗ ಇದೆ. ಕಡೇ ಗಳಿಗೆಯಲ್ಲಿ ಒಂದು ದೋಷ ಕಂಡಿತು. ಹೆಡ್‌ಫೋನ್ ಹಾಕಿ ನುಡಿಸುವಾಗ ಪಕ್ಕದವರಿಗೆ ಕೀಗಳು ಟಕಟಕ ಎನ್ನುವುದು ಕೇಳಿಸುತ್ತದೆ. ಕೆಳಗಿನ ಲಾಂಡ್ರಿಯವರು ಏನಂದುಕೊಂಡಾರು?

ಅಂಗಡಿಯವರು ಕೀ ಮೇಲಿಂದ ಕೈ ತೆಗೆದರು. "ಲಾಂಡ್ರೀಲಿ ನಾಲ್ಕು ಮಷೀನ್ ಗಡಗಡ ಅಂತಿರತ್ತೆ ಅಂದ್ರಲ್ಲ ಸರ್, ಅವರಿಗೆ ಈ ಟಕಟಕ ಕೇಳಿಸತ್ತಾ?"

"ಆದ್ರೂ ನೋಡ್ಬೇಕಲ್ಲ," ಎಂದೆ.

"ನೋಡ್ಬೇಕು ನೋಡ್ಬೇಕು," ಎಂದಳು ಜೀರುಂಡೆ ತಕ್ಷಣ. "ಅವಸರ ಏನಿದೆ?"

ಅಂಗಡಿಯವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಮುಚ್ಚಳ ಹಾಕಿದರು.

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಕಿತ್ತಳೆ ತಿಂದೆವು. ಅವಳು ಪ್ರತಿ ತೊಳೆಯ ಮೇಲಿನ ಬಿಳಿ ನಾರನ್ನೂ ಬಿಡಿಸಿ ಸಾಲಾಗಿ ಇಡುತ್ತಾಳೆ. ಯಾವಾಗಿನಿಂದ ಹೀಗೆ ಮಾಡುತ್ತಾಳೋ ಗೊತ್ತಿಲ್ಲ.


ಏಪ್ರಿಲ್ 17, ಬುಧವಾರ

ಅವಳಮ್ಮನಿಗೆ ವರ್ಗವಾಗಿದೆ. ರೈಲಿನಲ್ಲಿ ಹದಿನೆಂಟು ಗಂಟೆ ದೂರದ ಊರು. ಮೇ ಕೊನೆಗೆ ಹೋಗುತ್ತಾರೆ. ಹೋಗುತ್ತಾರೆ ಎಂದರೆ ಇಬ್ಬರೂ.


ಏಪ್ರಿಲ್ 18, ಗುರುವಾರ

ಉಜ್ಜುವಾಗ ಮೂರು ಗಾಜು ಒಡೆದೆ.


ಏಪ್ರಿಲ್ 20, ಶನಿವಾರ

ಅವಳಿಗೆ ಗೊತ್ತಿದೆ. ನನಗೆ ಗೊತ್ತೆಂದೂ ಅವಳಿಗೆ ಗೊತ್ತಿದೆ. ಇಬ್ಬರೂ ಅದರ ಸುದ್ದಿ ಎತ್ತದೆ ಬಸ್ಸು ಹತ್ತಿದೆವು. ಐದು ಶನಿವಾರಕ್ಕೆ ಯಾರಾದರೂ ಪಿಯಾನೋ ಕೊಳ್ಳುತ್ತಾರೆಯೇ? ನಾವು ಕೊಳ್ಳುವವರಂತೆಯೇ ಹೋದೆವು. ಸ್ಟ್ಯಾಂಡ್ ವಿಷಯ ವಿಚಾರಿಸಿದೆ. ಕತ್ತರಿಕಾಲಿನದು ಅಲ್ಲಾಡುತ್ತದೆ, ಮರದ ಕಾಲಿನದು ಗಟ್ಟಿ. ಅವಳು ಅದೇ ತುಣುಕನ್ನು ನುಡಿಸಿದಳು. ಎರಡನೇ ಸಾಲಿನ ಕೊನೆಯಲ್ಲಿ ಎಡವಿದಳು. ಆರು ವಾರದ ಹಿಂದೆಯೂ ಅಲ್ಲಿಯೇ ಎಡವಿದ್ದಳು.

ಅವಳ ಕೂದಲು ಹಿಂದಿನಿಂದ ಅವಳಮ್ಮನದರಂತೆಯೇ ಇದೆ. ಕತ್ತಿನ ಬಳಿ ಒಂದು ಸುಳಿ, ಅದು ಮಾತ್ರ ನನ್ನದು.


ಏಪ್ರಿಲ್ 25, ಗುರುವಾರ

ಇವತ್ತಿನದನ್ನು ಬರೆಯಲೋ ಬೇಡವೋ ಎಂದು ಎರಡು ಸಲ ಪುಸ್ತಕ ಮುಚ್ಚಿದೆ.

ಮಧ್ಯಾಹ್ನ ನಮ್ಮ ಕನ್ನಡಕದ ಅಂಗಡಿಗೆ ಜೀರುಂಡೆಯ ಪಿಯಾನೋ ಟೀಚರ್ ಬಂದಿದ್ದರು. ಹೊಸ ಕನ್ನಡಕ ಮಾಡಿಸಿ ತಿಂಗಳಾಗಿಲ್ಲ, ಆಗಲೇ ಕಷ್ಟ. "ಬೀದಿ ಬೋರ್ಡ್ ಕಾಣತ್ತೆ, ಕೈಯಲ್ಲಿರೋ ಪುಸ್ತಕ ಕಾಣತ್ತೆ. ಪಿಯಾನೋ ಮೇಲೆ ಇಟ್ಟಿರೋ ಹಾಳೆ ಮಾತ್ರ ಮಬ್ಬು. ಕತ್ತು ಎತ್ತಿ ಎತ್ತಿ ನೋವು ಬಂದುಬಿಟ್ಟಿದೆ," ಎಂದರು.

ಪಿಯಾನೋ ನುಡಿಸುವವರದು ಓದುವ ದೂರವೂ ಅಲ್ಲ, ನಡೆಯುವ ದೂರವೂ ಅಲ್ಲ. ಅದಕ್ಕೆ ಬೇರೆಯೇ ಪವರ್ ಬೇಕು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೌಂಟರನ್ನೇ ಪಿಯಾನೋ ಎಂದು ಊಹಿಸಿಕೊಂಡು ಕೈ ಇಡಿ ಎಂದೆ. ಕಣ್ಣಿನಿಂದ ಹಾಳೆ ಇರುವ ಜಾಗಕ್ಕೆ ಟೇಪ್ ಹಿಡಿದೆ. ಅರವತ್ತೆಂಟು ಸೆಂಟಿಮೀಟರ್. ಟೇಪ್ ಹಿಡಿದಿದ್ದಾಗಲೇ, ಮಾತಿಗೆ ಮಾತು ಎಂಬಂತೆ, "ನಮ್ಮವಳಿಗೆ ಒಂದು ಡಿಜಿಟಲ್ ಪಿಯಾನೋ ನೋಡ್ತಾ ಇದೀವಿ ಟೀಚರ್. ಅವಳ ಮಟ್ಟಕ್ಕೆ ಯಾವುದು ಸರಿ ಅಂತೀರಿ?" ಎಂದು ಕೇಳಿದೆ.

ಟೀಚರ್ ಮುಖ ಅರಳಿತು. "ಮತ್ತೆ ಶುರು ಮಾಡ್ತಾಳಂತಾ? ಎಷ್ಟು ಸಂತೋಷ! ಫೆಬ್ರವರೀಲಿ ಬಿಟ್ಟಾಗ ನಾನು ಎಷ್ಟು ಹೇಳ್ದೆ, ಕೇಳ್ಲೇ ಇಲ್ಲ."

ಟೇಪ್ ನನ್ನ ಕೈಯಿಂದ ಸರ್ರನೆ ಒಳಕ್ಕೆ ಸುತ್ತಿಕೊಂಡಿತು. ಇನ್ನೊಮ್ಮೆ ಅಳೆಯುತ್ತೇನೆ ಎಂದೆ. ಮತ್ತೆ ಅಳೆದೆ. ಅರವತ್ತೆಂಟೇ ಇತ್ತು.

ಫೆಬ್ರವರಿ. ನಾನು ಪಿಯಾನೋ ಎಂದು ಬಾಯಿ ಬಿಡುವ ಮೊದಲೇ.


ಏಪ್ರಿಲ್ 27, ಶನಿವಾರ

ಕೇಳಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಕೇಳಬೇಕೆಂದಿದ್ದೆ. "ಇವತ್ತು ಯಾವ ಅಂಗಡಿ ಅಪ್ಪ?" ಎಂದಳು. ನನ್ನ ಬಾಯಿಂದ ಅಂಗಡಿಯ ಹೆಸರೇ ಬಂತು.

ಅವಳು ನುಡಿಸುವಾಗ ಈ ಸಲ ನಾನು ಕೀಗಳನ್ನು ನೋಡಲಿಲ್ಲ. ಕೈ ನುಡಿಸುತ್ತಿತ್ತು, ಅವಳು ಅಲ್ಲಿರಲಿಲ್ಲ. ಮುಗಿಸಿದ ಕೂಡಲೇ ನನ್ನತ್ತ ತಿರುಗಿ, "ಇದು ಹೇಗೆ? ಕೀ ಸ್ವಲ್ಪ ಸಡಿಲ ಅಲ್ವಾ?" ಎಂದಳು. ಅವಳ ಕಣ್ಣು ಬೆಳಗುವುದು ಆಗ.

"ಹೌದು, ಸ್ವಲ್ಪ ಸಡಿಲ," ಎಂದೆ. ಸಡಿಲ ಇರಲಿಲ್ಲ.

ಬೂಟು ಬಿಗಿಯಾಗುತ್ತಿದೆ ಅವಳಿಗೆ. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಹೊಸ ಬೂಟು ಕೊಡಿಸಿದೆ. ನೀಲಿ ಆರಿಸಿದಳು. ನೀಲಿ ಇಷ್ಟವೇ ಎಂದು ಕೇಳಿದೆ. "ನಿಂಗೆ ಗೊತ್ತಿರ್ಲಿಲ್ವಾ?" ಎಂದಳು. ಸಿಟ್ಟಿನಿಂದಲ್ಲ.


ಮೇ 11, ಶನಿವಾರ

ಕಳೆದ ವಾರ ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ.

ಅಂಗಡಿಗೆ ಹೋಗುವ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದರು. ಮುಂದಿನ ಬಸ್ಸಿಗೆ ಅರ್ಧ ಗಂಟೆ. ಒಂದು ಬೀಗ ಹಾಕಿದ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತೆವು. ಅವಳು ಹೊಸ ಬೂಟಿನ ತುದಿಯನ್ನು ಒಂದಕ್ಕೊಂದು ತಾಗಿಸುತ್ತಿದ್ದಳು. ಇನ್ನು ಎರಡೇ ಶನಿವಾರ ಎಂದು ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಬಾಯಿ ತಾನಾಗಿ ಆಡಿತು.

"ನಿಮ್ಮ ಟೀಚರ್ ಕನ್ನಡಕ ಮಾಡಿಸ್ಕೊಂಡು ಹೋದ್ರು."

ಬೂಟುಗಳು ನಿಂತವು. "ಯಾವತ್ತು?"

"ಎರಡು ವಾರದ ಮೇಲಾಯ್ತು."

"ಎರಡು ವಾರದಿಂದ ಗೊತ್ತಿದ್ದೂ ಸುಮ್ನಿದ್ಯಾ?"

"ನೀನು ಎರಡು ತಿಂಗಳಿಂದ ಸುಮ್ನಿದ್ಯಲ್ಲ."

ಒಂದು ಕ್ಷಣ ನಗು ಬಂತು ಇಬ್ಬರಿಗೂ. ಆಮೇಲೆ ಅವಳ ಗಲ್ಲ ನಡುಗತೊಡಗಿತು. ಬೆನ್ನ ಮೇಲೆ ಕೈ ಇಟ್ಟೆ.

"ಹೇಳಿದ್ರೆ ಶನಿವಾರ ಏನ್ ಮಾಡ್ತಿದ್ವಿ ಅಪ್ಪ? ಮೊದ್ಲೆಲ್ಲ ನಾನು ಬಂದ್ರೆ ನೀನು ಟಿವಿ ಹಾಕ್ಕೊಡ್ತಿದ್ದೆ. ಊಟ ಮಾಡ್ದ್ಯಾ ಅಂತ ಕೇಳ್ತಿದ್ದೆ. ಆಮೇಲೆ ಕಿಟಕಿ ಹತ್ರ ಕೂತುಬಿಡ್ತಿದ್ದೆ. ಪಿಯಾನೋ ಅಂದ ಮೇಲೆ ನೀನು ಬಸ್ಸಲ್ಲೆಲ್ಲ ಮಾತಾಡಿದೆ. ಸ್ಟಾಪ್ ಮರೆತುಹೋಗೋಷ್ಟು ಮಾತಾಡಿದೆ. ಅದನ್ನ ನಾನ್ ಹೇಗೆ ನಿಲ್ಸ್ಲಿ?"

ರಸ್ತೆಯಲ್ಲಿ ಯಾರೋ ಕೆಟ್ಟ ಬಸ್ಸನ್ನು ತಳ್ಳಿರೋ ಎಂದು ಕೂಗುತ್ತಿದ್ದರು. ನಾನು ಕೇಳಿದೆ, "ಅಷ್ಟು ಚೆನ್ನಾಗಿ ನುಡಿಸ್ತಿದ್ದೆ. ಯಾಕಮ್ಮ ಬಿಟ್ಟೆ?"

ಅವಳು ಮೂಗು ಒರೆಸಿಕೊಂಡಳು. "ಆ ಮನೇಲಿ ನಾನು ಪ್ರಾಕ್ಟೀಸ್ ಮಾಡುವಾಗ್ಲೇ ನೀವಿಬ್ರೂ ಅಡುಗೆಮನೇಲಿ ಜಗಳ ಆಡ್ತಿದ್ರಿ. ಪಿಯಾನೋ ಶಬ್ದಕ್ಕೆ ನಂಗೆ ಕೇಳ್ಸಲ್ಲ ಅಂದ್ಕೊಂಡು."

"ಕೇಳಿಸ್ತಿತ್ತಾ?"

"ಅಮ್ಮಂದು ಕೇಳಿಸ್ತಿತ್ತು. ನಿಂದು ಕೇಳಿಸ್ತಾನೇ ಇರ್ಲಿಲ್ಲ. ಅಮ್ಮ ಕೇಳ್ತಾಳೆ, ಕೇಳ್ತಾಳೆ, ನೀನು ಏನೂ ಅನ್ನಲ್ಲ. ನೀನು ಏನಾದ್ರೂ ಅಂತೀಯೇನೋ ಅಂತ ನಾನು ನುಡಿಸೋದು ನಿಲ್ಸಿ ಕೇಳ್ತಿದ್ದೆ. ನಿಲ್ಸಿದ ತಕ್ಷಣ ಅಮ್ಮಾನೂ ಸುಮ್ನಾಗ್ತಿದ್ಳು. ಮತ್ತೆ ಶುರು ಮಾಡ್ತಿದ್ದೆ. ಈಗ್ಲೂ ಆ ಪಾಠ ಎಲ್ಲಾ ನುಡಿಸಿದ್ರೆ ಅದೇ ಕೇಳಿಸತ್ತೆ. ನೀನು ಹೋದ್ಮೇಲೆ ಕಲಿತಿದ್ದು ಇದೊಂದೇ. ಅದಕ್ಕೆ ಅಂಗಡೀಲಿ ಇದೊಂದೇ ನುಡಿಸ್ತಿದ್ದೆ."

ಮುಂದಿನ ಬಸ್ಸು ಬಂತು. ಹತ್ತಲಿಲ್ಲ. ಅದರ ಮುಂದಿನದೂ ಹೋಯಿತು.

ಏನಾದರೂ ಹೇಳಬೇಕಿತ್ತು. ಇಪ್ಪತ್ತೆರಡು ವರ್ಷ ಜನ ಏನು ಕಾಣುತ್ತಿದ್ದಾರೆ, ಏನು ಕಾಣುತ್ತಿಲ್ಲ ಎಂದು ಕೇಳುವುದೇ ನನ್ನ ಕೆಲಸ. ನಾನು ಹೇಳಿದ್ದು ಇಷ್ಟೇ, "ತಪ್ಪಾಯ್ತು ಕಣೇ." ಅವಳು ನನ್ನ ತೋಳಿಗೆ ತಲೆ ಆನಿಸಿದಳು. ಅವಳ ಕಿವಿಯ ಹಿಂದೆ ಒಂದು ಪುಟ್ಟ ಮಚ್ಚೆ ಇದೆ.

ಅಂಗಡಿಗೆ ಹೋಗಲಿಲ್ಲ. ಸಂಜೆಯವರೆಗೆ ಸುಮ್ಮನೆ ಬೀದಿ ಸುತ್ತಿದೆವು. ಪಿಯಾನೋ ವಿವರ ಬರೆಯಲು ಇವತ್ತು ಏನೂ ಇಲ್ಲ.


ಮೇ 18, ಶನಿವಾರ

ಈಜುಕೊಳಕ್ಕೆ ಹೋಗಿದ್ದೆವು. ಅವಳೇ ಹೇಳಿದ್ದು. ನನಗೆ ಈಜು ಬರುವುದಿಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು ನೋಡಿದೆ. ನೀರಿನೊಳಗೆ ಉಸಿರು ಹಿಡಿದು ಉದ್ದಕ್ಕೆ ಹೋಗಿ ಆ ಕಡೆ ತಲೆ ಎತ್ತಿದಳು, ನಾನು ಅಲ್ಲೇ ಇದ್ದೇನೆಯೇ ಎಂದು ನೋಡಿದಳು. ಇದ್ದೆ. ಒಂಬತ್ತು ಸಲ ಹೀಗೆ.


ಮೇ 25, ಶನಿವಾರ

ರೈಲು ಹನ್ನೊಂದು ಇಪ್ಪತ್ತಕ್ಕೆ. ಹತ್ತಕ್ಕೇ ಹೋಗಿದ್ದೆ. ನಾಲ್ಕು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ. ಮರದ ಪಿಯಾನೋವನ್ನು ಟೀಚರ್ ಮನೆಗೆ ಕೊಟ್ಟುಬಿಟ್ಟರಂತೆ.

ಜೀರುಂಡೆ ಕಿಟಕಿಯ ಜಾಗ ಹಿಡಿಯಲು ಒಳಗೆ ಓಡಿದಾಗ ಅವಳಮ್ಮ ನನ್ನ ಪಕ್ಕ ನಿಂತಳು. "ಈಚೆಗೆ ಭಾನುವಾರ ಇವಳು ಮನೆಗೆ ಬಂದ್ರೆ ನಿಮ್ ಮಾತೇ. ಅಪ್ಪ ಹೀಗಂದ್ರು, ಅಪ್ಪ ಹಾಗಂದ್ರು. ಹದಿನಾಲ್ಕು ವರ್ಷ ಒಂದೇ ಮನೇಲಿದ್ವಿ, ನನ್ನ ಹತ್ರ ಅಷ್ಟು ಮಾತಾಡಿದ್ರಾ ನೀವು?"

ಜಗಳಕ್ಕೆ ಕೇಳಿದ್ದಲ್ಲ. ದಣಿದಿದ್ದಳು.

"ಇಲ್ಲ," ಎಂದೆ. "ಮಾತಾಡ್ಬೇಕಿತ್ತು."

ಅವಳು ನನ್ನ ಮುಖ ನೋಡಿದಳು. ಈ ಒಂದು ಮಾತಿಗೆ ಕಾದು ಕಾದು ಬಿಟ್ಟುಬಿಟ್ಟವಳ ಹಾಗೆ ನೋಡಿದಳು. ಸೆರಗಿನಿಂದ ಕಣ್ಣೊತ್ತಿಕೊಂಡು, "ಆರೋಗ್ಯ ನೋಡ್ಕೊಳ್ಳಿ," ಎಂದು ಹತ್ತಿದಳು.

ರೈಲು ಹೊರಟಾಗ ಜೀರುಂಡೆ ಕೈ ಬೀಸಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನೋಡುತ್ತಲೇ ಇದ್ದಳು. ನಾನೂ ಬೀಸಲಿಲ್ಲ. ಬೀಸಿದರೆ ಮುಗಿದುಹೋಗುತ್ತದೆ ಅನ್ನಿಸಿತು.


ಮೇ 28, ಮಂಗಳವಾರ

ಕೆಲಸ ಮಾಡಿದೆ. ಬಂದೆ.


ಜೂನ್ 1, ಶನಿವಾರ

ಬೆಳಿಗ್ಗೆ ಎಂಟಕ್ಕೇ ಎದ್ದು ತಯಾರಾಗಿ ಕೂತಿದ್ದೆ. ಹತ್ತಕ್ಕೆ ಬಸ್ಸು ಹತ್ತಿ ಪಿಯಾನೋ ಅಂಗಡಿಗೆ ಹೋದೆ. ಹೋಗದಿದ್ದರೆ ಅವರು ಕಾಯುತ್ತಾರೇನೋ, ಹೇಳಿ ಬರುವುದು ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಮಗಳು ಬರ್ಲಿಲ್ವಾ ಸರ್?"

"ಊರು ಬಿಟ್ಟು ಹೋದ್ಳು. ಅವಳಮ್ಮನ ಜೊತೆ. ಮೇಡಂ, ನಮಗೆ ಪಿಯಾನೋ ಬೇಡ. ಬೇಕಾಗೇ ಇರ್ಲಿಲ್ಲ. ನಿಮ್ ಟೈಮೆಲ್ಲ ಹಾಳು ಮಾಡ್ದೆ."

ಅವರು ಕೈಲಿದ್ದ ಧೂಳಿನ ಬಟ್ಟೆಯನ್ನು ಮಡಿಸಿ ಕಪ್ಪು ಪಿಯಾನೋ ಮೇಲಿಟ್ಟರು. "ಕೊಳ್ಳೋರು ಎರಡನೇ ಸಲ ಬಂದಾಗ ಬೆಲೆ ಕೇಳ್ತಾರೆ ಸರ್. ನೀವು ಅಷ್ಟು ಸಲ ಬಂದ್ರಿ, ಒಂದ್ಸಲಾನೂ ಕೇಳ್ಲಿಲ್ಲ. ನಾನು ಯಾವಾಗ್ಲೋ ಕೊಳ್ಳಲ್ಲ ಅಂತ ತಿಳ್ಕೊಂಡಿದ್ದೆ."

"ಮತ್ತೆ ಯಾಕೆ ಅಷ್ಟೆಲ್ಲ ತೋರಿಸಿದ್ರಿ?"

"ಆ ಮಗು ನಿಮ್ಮನ್ನ ನೋಡ್ತಿದ್ದ ರೀತಿ ನೋಡಿ," ಎಂದರು. ಕುರ್ಚಿ ತಂದು ಹಾಕಿದರು. ಅಂಗಡಿಯ ನಡುವೆ, ಎಂಟ್ಹತ್ತು ಪಿಯಾನೋಗಳ ಮಧ್ಯೆ ಕೂತೆ. ಯಾರೋ ಗಿರಾಕಿ ಬಂದರು, ಅಂಗಡಿಯವರು ಆ ಕಡೆ ಹೋದರು. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು.

ಆರು ಗಂಟೆಗೆ ಜೀರುಂಡೆಯ ಫೋನ್. ಹೊಸ ಮನೆ ಬಣ್ಣದ ವಾಸನೆಯಂತೆ. ಅವಳ ಮಂಚ ಯಾವ ಗೋಡೆಗಿದೆ ಎಂದು ಕೇಳಿದೆ. ಕಿಟಕಿ ಗೋಡೆಗೆ. ಕಿಟಕಿಯಿಂದ ಏನು ಕಾಣುತ್ತದೆ? ಒಂದು ನೀರಿನ ಟ್ಯಾಂಕು, ಅದರ ಮೇಲೆ ಪಾರಿವಾಳ, ಒಂದಕ್ಕೆ ಒಂದೇ ಕಾಲು. ಪಕ್ಕದ ಮನೆಯ ಹುಡುಗಿ ಇವಳ ನೀಲಿ ಬೂಟು ನೋಡಿ ಎಲ್ಲಿ ಕೊಂಡೆ ಎಂದಳಂತೆ. ಅಪ್ಪ ಕೊಡಿಸಿದ್ದು ಎಂದಳಂತೆ. ಶಾಲೆಯಲ್ಲಿ ಈಜುಕೊಳ ಇಲ್ಲ, ಓಟದ ಮೈದಾನ ಇದೆ. ಓಡುವುದು ಇಷ್ಟವೇ? ಗೊತ್ತಿಲ್ಲ, ಓಡಿ ನೋಡಿ ಹೇಳುತ್ತಾಳೆ.

"ನೀನ್ ಏನ್ ಮಾಡ್ದೆ ಇವತ್ತು?"

ಹೇಳಿದೆ. ಎಲ್ಲ.

"ಅವ್ರು ಬೈದ್ರಾ?"

"ಇಲ್ಲ. ಕುರ್ಚಿ ಕೊಟ್ರು."

ಕೆಳಗೆ ಲಾಂಡ್ರಿಯ ಮಷೀನುಗಳು ಒಂದೊಂದಾಗಿ ನಿಂತವು.

"ಅಪ್ಪ, ಅಳ್ತಿದೀಯಾ?"

"ಹೂಂ."

"ನಾನೂ."

ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ತಟ್ಟೆಗಳ ಸದ್ದು, ಅವಳಮ್ಮ ಊಟಕ್ಕೆ ಕರೆಯುವುದು ಕೇಳಿಸಿತು. ಒಮ್ಮೆ ಕರೆದಳು, ಇನ್ನೊಮ್ಮೆ ಕರೆದಳು.

"ಇರಮ್ಮ," ಎಂದು ಕೂಗಿದಳು ಜೀರುಂಡೆ. "ಅಪ್ಪನ ಮಾತು ಇನ್ನೂ ಮುಗಿದಿಲ್ಲ."